ಬಸವನಕಲ್ಲಿನ ಕನ್ನಡಿ

ಸಮುದ್ರದ ತಳಕ್ಕೆ ವೇಷ ಕಟ್ಟುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ನಾನು ಹೀಗೇ ಹೇಳುವುದು. ಅವರು ನಗುತ್ತಾರೆ, ಆಮೇಲೆ ತಮ್ಮ ಮಕ್ಕಳ ಕಡೆ ತಿರುಗಿ, ನೋಡು, ನಿನ್ನ ಓದು ಹಾಳು ಮಾಡುವ ಆಟದವಳು ಇವಳೇ ಎನ್ನುತ್ತಾರೆ. ಎನ್ನಲಿ. ನಮ್ಮ ಆಟ ಆಡುವವರಲ್ಲಿ ಮಕ್ಕಳಿಗಿಂತ ಮುದುಕರೇ ಹೆಚ್ಚು ಎಂದು ಅವರಿಗೆ ಯಾರು ಹೇಳಬೇಕು.

ಆಟದ ಹೆಸರು ‘ತಳ’. ಅದರಲ್ಲಿ ಕಾಣುವ ಸಮುದ್ರ ಕಟ್ಟುಕಥೆಯದಲ್ಲ, ನಮ್ಮ ಹೊಸಕೋಡಿ ಬಂದರಿನ ಎದುರಿಗಿರುವ ಅಸಲು ಸಮುದ್ರವೇ. ಬಂಗುಡೆ ಮೀನಿನಷ್ಟು ಉದ್ದದ ಯಂತ್ರಗಳನ್ನು ಕಂಪೆನಿ ಸಾವಿರಗಟ್ಟಲೆ ನೀರಿಗೆ ಬಿಟ್ಟಿದೆ. ಮೀನುಮರಿ ಎಂದು ಅವುಗಳ ಹೆಸರು. ಅವು ತಳದ ಹತ್ತಿರ ಈಜುತ್ತ ಚಿಟಿಚಿಟಿ ಸದ್ದು ಮಾಡುತ್ತವೆ. ಆ ಸದ್ದು ಎಲ್ಲಿಗೋ ಬಡಿದು ಮರಳುತ್ತದೆ, ಮರಳಿದ ರೀತಿಯಿಂದ ಅಲ್ಲಿರುವುದು ಕಲ್ಲೋ, ಕೆಸರೋ, ಲೋಹವೋ ಎಂದು ತಿಳಿಯುತ್ತದೆ. ನಿಜವಾದ ಉದ್ದೇಶ ತಳದ ನಕ್ಷೆ ಬರೆಯುವುದು. ಆದರೆ ಅಷ್ಟು ಮೀನುಮರಿಗಳನ್ನು ನಡೆಸಲು ಜನ ಎಲ್ಲಿಂದ ಬರಬೇಕು? ಅದಕ್ಕೆ ಕಂಪೆನಿಯವರು ಉಪಾಯ ಮಾಡಿ ಕೆಲಸವನ್ನೇ ಆಟ ಮಾಡಿಬಿಟ್ಟರು. ಊರೂರಲ್ಲಿ ಕುಳಿತವರು ಫೋನಿನಲ್ಲಿ ಒಂದೊಂದು ಮೀನುಮರಿಯನ್ನು ನಡೆಸುತ್ತಾರೆ. ಅವರ ಪರದೆಯ ಮೇಲೆ ಬಂಡೆಯು ಪಾಳು ಅರಮನೆಯಾಗಿ ಕಾಣುತ್ತದೆ, ಹರಿದ ಬಲೆ ನಾಗಲೋಕದ ಬಳ್ಳಿಯಾಗುತ್ತದೆ, ತುಕ್ಕು ಹಿಡಿದ ಡ್ರಮ್ಮು ಖಜಾನೆಯಾಗುತ್ತದೆ. ಯಾವ ಸದ್ದಿಗೆ ಯಾವ ವೇಷ ಎಂದು ನಿರ್ಧರಿಸುವವಳು ನಾನು. ಬರಿಮೈಯಲ್ಲಿ ಒಳಗೆ ಬಂದ ಸದ್ದು ಬಣ್ಣ ಹಚ್ಚಿಕೊಂಡು ಹೊರಗೆ ಹೋಗುವುದರಿಂದ ನಮ್ಮ ಕಂಟ್ರೋಲ್ ರೂಮಿಗೆ ಎಲ್ಲರೂ ಚೌಕಿ ಎನ್ನುತ್ತಾರೆ, ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಜಾಗದ ಹೆಸರು.

ಈ ಆಟದಲ್ಲಿ ಸಿಗುವ ವಸ್ತುಗಳಲ್ಲಿ ಎಲ್ಲರಿಗೂ ಬೇಕಾದದ್ದು ಒಂದು ಕಂಚಿನ ಕನ್ನಡಿ. ಇಡೀ ಸಮುದ್ರಕ್ಕೆ ಅದೊಂದೇ. ಅದನ್ನು ಅಲ್ಲಿ ಇಟ್ಟವಳು ನಾನು, ಯಾಕೆ ಇಟ್ಟೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಗಂಡ ಕೀರ್ತನ್ ಮೆಂಡನ್ ಮೀನುಗಾರ. ಈಗಿನ ಬೋಟುಗಳಿಗೆ ಒಬ್ಬನೇ ಸಾಕು, ಬಲೆ ಎಳೆಯುವುದು, ಮಂಜುಗಡ್ಡೆ ತುಂಬುವುದು ಎಲ್ಲ ಯಂತ್ರದ್ದೇ ಕೆಲಸ. ಹಾಗಾಗಿ ಅವನು ಹೋದದ್ದೂ ಒಬ್ಬನೇ. ವಯರ್‌ಲೆಸ್ಸಿನಲ್ಲಿ ಅವನ ಕೊನೆಯ ಮಾತು ಇಡೀ ಬಂದರು ಕೇಳಿದೆ: ಬಸವನಕಲ್ಲಿನ ತೆಂಕು ಬದಿಯಲ್ಲಿದ್ದೇನೆ, ಮೀನಿಲ್ಲ, ಹಿಂದೆ ಬರ್ತೇನೆ. ಆಮೇಲೆ ಗಾಳಿ ಎದ್ದಿತು. ಅವನು ಬರಲಿಲ್ಲ. ಹಡಗುಗಳು, ಹೆಲಿಕಾಪ್ಟರು, ಎಲ್ಲ ಬಂದು ಕಡಲ ನಡುವಿನ ಆ ಬಂಡೆಯ ತೆಂಕು, ಎಂದರೆ ದಕ್ಷಿಣ ಬದಿಯನ್ನು ಜಾಲಾಡಿ ಒಂದು ಹಲಗೆ ಚೂರೂ ಸಿಗದೆ ವಾಪಸಾದವು. ಬೋಟಿನಲ್ಲಿ ಉಪಗ್ರಹಕ್ಕೆ ಜಾಗ ತೋರಿಸುವ ಪೆಟ್ಟಿಗೆ ಇರಬೇಕೆಂದು ಕಾನೂನು. ಅವನ ಪೆಟ್ಟಿಗೆ ಮಾತ್ರ ಆ ದಿನ ಬೆಳಗಿನಿಂದಲೇ ಮೂಕವಾಗಿತ್ತು. ಯಂತ್ರ ಕೆಟ್ಟಿರಬೇಕು ಎಂದು ಬಂದರಿನವರೆಲ್ಲ ಒಂದೇ ಬಾಯಲ್ಲಿ ಹೇಳಿದರು.

ಅದಾಗಿ ಎರಡು ವರ್ಷ. ನನ್ನ ಅತ್ತೆ ಬೇಬಿಯಕ್ಕ ಬೊಜ್ಜ ಮಾಡಲು ಒಪ್ಪಲಿಲ್ಲ. ಸತ್ತವರನ್ನು ದಾಟಿಸಿ ಕಳುಹಿಸುವ ಹದಿಮೂರನೇ ದಿನದ ಕೆಲಸ ಅದು. ಹೆಣ ಇಲ್ಲದ ಬೊಜ್ಜ ಎಂತದು, ನಾಳೆ ಅವನು ಬಾಗಿಲಲ್ಲಿ ಬಂದು ನಿಂತರೆ ಯಾರ ಮುಖ ನೋಡುವುದು ಎಂದು ಕೇಳಿದರು. ಹಾಗೆ ನಾನು ಅತ್ತ ವಿಧವೆಯೂ ಅಲ್ಲ, ಇತ್ತ ಗಂಡನಿರುವವಳೂ ಅಲ್ಲ. ಮದುವೆ ಮನೆಯಲ್ಲಿ ಕುಂಕುಮದ ತಟ್ಟೆ ನನ್ನೆದುರು ಬಂದಾಗ ಹಿಡಿದವಳ ಕೈ ಒಮ್ಮೆ ಅನುಮಾನಿಸಿ ನಿಲ್ಲುತ್ತಿತ್ತು. ನಾನೇ ಕೈ ಚಾಚಿ ಹಚ್ಚಿಕೊಂಡುಬಿಡುತ್ತಿದ್ದೆ, ಅವರಿಗೆ ಕಷ್ಟ ಯಾಕೆ ಎಂದು. ನನಗೆ ನನ್ನ ಗಂಡ ಬೇಕಿತ್ತು. ಅವನು ಸಿಗದಿದ್ದರೆ ಅವನ ಸಾವಾದರೂ ಬೇಕಿತ್ತು. ಎರಡೂ ಇಲ್ಲದೆ ಬದುಕುವುದು ನನ್ನಿಂದ ಆಗುತ್ತಿರಲಿಲ್ಲ.

ನಾನು ಕಡಲಿನವಳಲ್ಲ. ಕಾರ್ಕಳದಲ್ಲಿ ಕಲ್ಲು ಕೆತ್ತುವವರ ಮಗಳು. ನಮ್ಮ ಅಪ್ಪ ಯಾವ ಕಲ್ಲನ್ನೂ ಕಣ್ಣಲ್ಲಿ ನೋಡಿ ಕೊಂಡವರಲ್ಲ, ಉಳಿಯ ಹಿಂಬದಿಯಿಂದ ಬಡಿದು ಕೇಳುತ್ತಿದ್ದರು. ಒಳಗೆ ಬಿರುಕಿದ್ದರೆ ದನಿ ಒಡೆದು ಬರುತ್ತದೆ. ಅಂಥದೇ ಒಂದು ಪದ್ಧತಿ ಇಲ್ಲಿನ ಬೋಟು ಕಟ್ಟುವವರಲ್ಲೂ ಇದೆ. ಬೋಟನ್ನು ಮುಂದೆ ತಳ್ಳುವ ಹಿಂಬದಿಯ ಚಕ್ರಕ್ಕೆ ಇಲ್ಲಿ ಫ್ಯಾನು ಎನ್ನುತ್ತಾರೆ. ಅದು ಅಪ್ಪಟ ಕಂಚಿನದು. ಕೂರಿಸುವ ಮುಂಚೆ ಅದನ್ನು ತೂಗುಹಾಕಿ ಮರದ ಕೊಡತಿಯಿಂದ ಬಡಿದು ಕೇಳುತ್ತಾರೆ. ಕೀರ್ತನನ ಬೋಟಿಗೆ ಫ್ಯಾನು ಕೂರಿಸಿದ ದಿನದ ವೀಡಿಯೋ ನನ್ನ ಫೋನಿನಲ್ಲಿತ್ತು. ಒಂದು ಎಲೆ ಮುಕ್ಕಾಗಿ ಬೆಸುಗೆ ಹಾಕಿದ ಹಳೇ ಫ್ಯಾನು ಅದು. ಬಡಿದಾಗ ಅದು ಗುಂಯ್ ಎಂದು ಉದ್ದಕ್ಕೆ ಎಳೆದು, ಕೊನೆಗೆ ಸ್ವಲ್ಪ ನಡುಗುತ್ತಿತ್ತು. ಹಿಂದಿನಿಂದ ಕೀರ್ತನ್, ಇದು ಒಳ್ಳೇ ಸಂಗೀತ ಕಲಿತ ಫ್ಯಾನು ಎಂದು ನಗುತ್ತಿದ್ದ.

ಚೌಕಿಯಲ್ಲಿ ಕುಳಿತು ನಾನು ಅವನ ನಗುವನ್ನು ಒಂದು ಕಡೆಗೆ, ಕಂಚಿನ ದನಿಯನ್ನು ಒಂದು ಕಡೆಗೆ ಬಿಡಿಸಿದೆ. ಆ ಕೆಲಸ ಮಾಡುವಾಗ ಅತ್ತದ್ದು ಹೌದು. ಮಾಡಿ ಮುಗಿಸಿದ್ದೂ ಹೌದು. ಗಂಟೆಗೆ ಗಂಟೆಯ ದನಿ ಬೇರೆ ಇರುವಂತೆ ಫ್ಯಾನಿಗೆ ಫ್ಯಾನಿನ ದನಿಯೂ ಬೇರೆ. ನೀರೊಳಗೆ ಆ ದನಿ ಎಷ್ಟು ತಗ್ಗುತ್ತದೆ ಎಂದು ಲೆಕ್ಕ ಹಾಕಿ, ಮೀನುಮರಿಯ ಸದ್ದಿಗೆ ಅಂಥ ಉತ್ತರ ಬಂದರೆ ಮಾತ್ರ ಪರದೆಯ ಮೇಲೆ ಕನ್ನಡಿ ಮೂಡಬೇಕೆಂದು ನಿಯಮ ಬರೆದೆ. ಕಂಪೆನಿಯವರು ಆಗ ಒಂದು ಅಪರೂಪದ ವಸ್ತು ಬೇಕೆಂದು ಕೇಳಿದ್ದರು. ಕಿರೀಟ ಮಾಡೋಣ ಎಂದವರೇ ಎಲ್ಲರೂ. ನಾನು ಕನ್ನಡಿ ಎಂದು ಹಟ ಹಿಡಿದೆ, ಜನರನ್ನು ಸೆಳೆಯಲು ಅದಕ್ಕೊಂದು ಐತಿಹ್ಯವನ್ನೂ ಹೊಸೆದೆ: ಬಸವನ ಬೆನ್ನಿನಂಥ ಬಂಡೆಯ ತೆಂಕು ಬದಿಯಲ್ಲಿ ಪಾತಾಳದ ರಾಣಿ ಬಿಟ್ಟುಹೋದ ಕಂಚಿನ ಕನ್ನಡಿಯಿದೆ, ಅದರಲ್ಲಿ ಇಣುಕಿದವರಿಗೆ ತಾವು ಕಳೆದುಕೊಂಡವರು ಕಾಣುತ್ತಾರೆ.

ಜನ ಮುಗಿಬಿದ್ದರು. ಯಾರನ್ನೂ ಕಳೆದುಕೊಳ್ಳದವರು ಈ ಲೋಕದಲ್ಲಿ ಯಾರಿದ್ದಾರೆ? ಹಡಗುಗಳು ಹತ್ತು ದಿನ ಹುಡುಕಿದ ಜಾಗವನ್ನು ನಮ್ಮ ಆಟಗಾರರು ಒಂದು ವರ್ಷ ಹುಡುಕಿದರು. ಕಲ್ಲಿನ ತೆಂಕು ಬದಿಯಲ್ಲಿ ನಾನು ನೋಡದ ಒಂದು ಮುಷ್ಟಿ ಕೆಸರೂ ಉಳಿಯಲಿಲ್ಲ. ಕನ್ನಡಿ ಮೂಡಲಿಲ್ಲ.

ಏಪ್ರಿಲ್ ಬರುವಾಗ ಬೈಗುಳ ಶುರುವಾಯಿತು. ಕನ್ನಡಿ ಇಲ್ಲವೇ ಇಲ್ಲ, ಕಂಪೆನಿ ಮಂಗ ಮಾಡುತ್ತಿದೆ ಎಂದು ಜನ ಬರೆಯತೊಡಗಿದರು. ಚೌಕಿಯ ಮುಖ್ಯಸ್ಥೆ ಲವೀನಾ ಲೋಬೋ ನನ್ನನ್ನು ಕರೆದು, ಮಳೆಗಾಲಕ್ಕೆ ಮುಂಚೆ ಮೀನುಮರಿಗಳನ್ನೆಲ್ಲ ಮೇಲೆ ಎತ್ತಲಿಕ್ಕುಂಟಲ್ಲ, ಆಗಲೇ ಕನ್ನಡಿಯನ್ನೂ ತೆಗೆದುಬಿಡುವ ಎಂದಳು. ನಾನು ಆಗಲಿ ಎಂದೆ. ಮನಸ್ಸಿನಲ್ಲಿ ಆಗುವುದಿಲ್ಲ ಎಂದುಕೊಂಡೆ. ಇನ್ನೊಂದು ಮಳೆಗಾಲ ಕಳೆದರೆ ನದಿಗಳ ಕೆಸರೆಲ್ಲ ಇಳಿದು ಬಂದು ಮುಳುಗಿದ ಬೋಟನ್ನು ಪೂರಾ ಮುಚ್ಚುತ್ತದೆ. ಕೆಸರಿನಡಿಯ ಕಂಚು ದನಿ ಕೊಡುವುದಿಲ್ಲ. ನನಗಿದ್ದದ್ದು ಮೇ ತಿಂಗಳೊಂದೇ.

ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಅವುಗಳಲ್ಲಿ ಒಂದು ಸಿಂದಗಿಯ ಮಹಾನಂದಾ ಬಿರಾದಾರ ಎಂಬವಳದು. ಅಲ್ಲಿ ಖಾನಾವಳಿ ನಡೆಸುವ ಹೆಂಗಸು. ಮಧ್ಯಾಹ್ನದ ಊಟದವರು ಎದ್ದು ಹೋದ ಮೇಲೆ ಒಲೆಯ ಪಕ್ಕ ಕುಳಿತು ಆಡುತ್ತಿದ್ದಳು. ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಕುಡಿಯುವ ನೀರಿಗೆ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವವಳು ನಾನು, ದಿನಾ ಇಡೀ ಸಮುದ್ರದಲ್ಲಿ ಅಡ್ಡಾಡಿ ಬರುತ್ತೇನೆ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಎಲ್ಲರೂ ತೆಂಕು ಬದಿಯಲ್ಲಿ ಗುಂಪುಗೂಡಿದ್ದರಿಂದ ಅವಳು ಸುಮ್ಮನೆ ಕಲ್ಲಿನ ಆಚೆ ಬದಿಗೆ ಹೋಗಿದ್ದಳಂತೆ. ಅವಳ ದೂರು ಧ್ವನಿ ಸಂದೇಶವಾಗಿ ಬಂದಿತ್ತು.

“ಅಕ್ಕಾರ, ನನ್ನ ಮೀನಮರಿ ಕಲ್ಲಿನ ಉತ್ತರಕ್ಕ ಹೋಗಿ ಮಲಗ್ತದ, ದಕ್ಷಿಣಕ್ಕ ಏಳ್ತದ. ಮೂರ್ ಸಲ ಹಿಂಗs ಆತು. ನಿದ್ದಿಗಣ್ಣಾಗ ನಡದಾಡೂ ರೋಗ ಅದ ಏನ್ರಿ ಇದಕ್ಕ?”

ನಾನು ನಕ್ಕೆ. ಆಮೇಲೆ ನಗು ನಿಂತಿತು. ನೀರಿನಿಂದ ಹೊರಗೆ ತೆಗೆದರೆ ಮೀನುಮರಿ ನಿದ್ದೆ ಹೋಗುತ್ತದೆ, ಮತ್ತೆ ನೀರಿಗೆ ಬಿದ್ದರೆ ಏಳುತ್ತದೆ. ನಾವೇ ಹಾಗೆ ಮಾಡಿಟ್ಟದ್ದು. ಉತ್ತರದಲ್ಲಿ ಮಲಗಿ ದಕ್ಷಿಣದಲ್ಲಿ ಏಳಬೇಕಾದರೆ ಯಾರೋ ಅದನ್ನು ಬಲೆಯಲ್ಲಿ ಎತ್ತಿ, ಬೋಟಿನಲ್ಲಿ ಹೊತ್ತು, ಕಲ್ಲಿನ ಈಚೆಗೆ ತಂದು ಬಿಡಬೇಕು. ಬಡಗು ಬದಿಗೆ, ಎಂದರೆ ಉತ್ತರಕ್ಕೆ, ಹೋದ ಮೀನುಮರಿಗಳನ್ನೆಲ್ಲ ನೋಡಿದೆ. ಹೋದವು ಬೆರಳೆಣಿಕೆಯಷ್ಟು, ಒಂದು ಬಿಡದೆ ಎಲ್ಲಕ್ಕೂ ಇದೇ ಗತಿ. ಬಲೆಗೆ ಸಿಕ್ಕ ಮೀನುಮರಿಯನ್ನು ಅಲ್ಲೇ ನೀರಿಗೆ ಎಸೆಯಬಹುದಿತ್ತು. ಇಷ್ಟು ದೂರ ಹೊತ್ತು ತಂದು ಬಿಡುವವನಿಗೆ, ತಾನು ಎಲ್ಲಿ ಬಲೆ ಹಾಕುತ್ತೇನೆಂದು ಯಾರಿಗೂ ತಿಳಿಯಬಾರದು ಎಂಬ ಆಸೆ ಇರಬೇಕು.

ಮನೆಗೆ ಬಂದಾಗ ಅತ್ತೆ ಬೂತಾಯಿ ಮೀನು ಕೊಯ್ಯುತ್ತ ಕುಳಿತಿದ್ದರು. ನಾನು ಚಪ್ಪಲಿಯನ್ನೂ ಬಿಚ್ಚದೆ, ಮೀನುಗಾರರು ವಯರ್‌ಲೆಸ್ಸಿನಲ್ಲಿ ತಾವಿರುವ ಜಾಗ ನಿಜ ಹೇಳುತ್ತಾರಾ ಎಂದು ಕೇಳಿದೆ. ಅವರು ಕತ್ತಿ ನಿಲ್ಲಿಸದೆಯೇ ನಕ್ಕರು. ಮೀನು ಸಿಕ್ಕಿದ ಜಾಗ ಬಾಯಿ ಬಿಟ್ಟು ಹೇಳಿದವನು ಮರುದಿನ ಬರಿ ಬಲೆ ಎಳೆಯಬೇಕು, ಇಡೀ ಬಂದರು ಅಲ್ಲಿಗೇ ಬರುತ್ತದಲ್ಲ. ತೆಂಕಿನಲ್ಲಿದ್ದವನು ಬಡಗು ಎನ್ನುತ್ತಾನೆ, ಹೊಟ್ಟೆ ತುಂಬ ಮೀನಿದ್ದವನು ಮೀನಿಲ್ಲ ಎನ್ನುತ್ತಾನೆ, ಅವರ ಅಪ್ಪಂದಿರ ಕಾಲದಿಂದಲೂ ಹಾಗೇ ಎಂದರು. ಹೇಳುತ್ತ ಹೇಳುತ್ತ ಅವರ ಕತ್ತಿ ನಿಂತಿತು.

ಹಾಗಾದರೆ ಕೀರ್ತನ್, ಎಂದೆ.

ಅತ್ತೆ ಕತ್ತಿಯನ್ನು ಕೆಳಗಿಟ್ಟರು. ಆಮೇಲೆ ನಿಧಾನಕ್ಕೆ ಹೇಳಿದರು, ತನಗೂ ಆ ದಿನವೇ ಆ ಯೋಚನೆ ಬಂದಿತ್ತು. ಆದರೆ ಲೋಹಿತ್ ಸ್ವತಃ ಕಣ್ಣಾರೆ ಕಂಡೆ ಎಂದು ಆಫೀಸರಿಗೆ ಹೇಳಿದನಲ್ಲ, ಕೀರ್ತನನ ಬೋಟು ತೆಂಕಿನಲ್ಲೇ ಇತ್ತು ಎಂದು. ಲೋಹಿತ್ ಸಾಲ್ಯಾನ್ ಎಂದರೆ ಕೀರ್ತನನ ಚಡ್ಡಿ ದೋಸ್ತ್, ಈ ಮನೆಯಲ್ಲಿ ಉಂಡು ಬೆಳೆದವನು. ಅವನ ಮಾತನ್ನು ನಂಬದೆ ಇನ್ಯಾರ ಮಾತನ್ನು ನಂಬುವುದು? ನಂಬಿದೆವು.

ಅತ್ತೆ ಕೈ ತೊಳೆಯದೆ ಎದ್ದು ಅಡುಗೆಮನೆಯ ಅಟ್ಟದ ಕಡೆ ನೋಡಿದರು. ಅಲ್ಲಿ ಪಾತ್ರೆಗಳ ಸಾಲಿನಲ್ಲಿ ಒಂದು ಜಾಗ ಖಾಲಿ.

“ನನ್ನ ದೊಡ್ಡ ಅನ್ನದ ಪಾತ್ರೆ ತಕ್ಕೊಂಡು ಹೋಗಿದ್ದ. ಬೋಟಿನಲ್ಲಿ ಅನ್ನ ಮಾಡ್ಲಿಕ್ಕೆ ಅಂತ. ನಾನು ಬೈದದ್ದೂ ಉಂಟು. ಒಬ್ಬನಿಗೆ ಅಷ್ಟು ದೊಡ್ಡ ಪಾತ್ರೆ ಎಂತಕ್ಕೆ ಮಾರಾಯ್ತಿ?”

ಎಂತಕ್ಕೆ ಎಂದು ನಮ್ಮಿಬ್ಬರಿಗೂ ಆಗಲೇ ಹೊಳೆದಿತ್ತು. ಪೆಟ್ಟಿಗೆಯ ಮೇಲೆ ಸ್ಟೀಲಿನ ಪಾತ್ರೆ ಕವುಚಿದರೆ ಉಪಗ್ರಹಕ್ಕೆ ಬೋಟು ಕಾಣುವುದಿಲ್ಲ. ಯಂತ್ರ ಕೆಟ್ಟದ್ದಲ್ಲ. ಮೀನಿನ ಜಾಗ ಬೇರೆಯವರಿಗೆ ತಿಳಿಯಬಾರದೆಂದು ಅವನೇ ಅದರ ಬಾಯಿ ಮುಚ್ಚಿದ್ದ. ಹಾಗೆ ಒಂದೊಂದು ಪಾತ್ರೆ ಬಂದರಿನ ಎಲ್ಲ ಬೋಟುಗಳಲ್ಲೂ ಇತ್ತೆಂದು ಆಮೇಲೆ ತಿಳಿಯಿತು. ಅದಕ್ಕೇ ಯಂತ್ರ ಕೆಟ್ಟಿರಬೇಕೆಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು.

ನನಗೆ ಕೋಪ ಬಂತು. ಸತ್ತ ಗಂಡನ ಮೇಲೆ ಕೋಪ ಬರಬಾರದು ಎನ್ನುತ್ತಾರೆ. ಬಂತು, ಏನು ಮಾಡಲಿ. ನಾಲ್ಕು ಬುಟ್ಟಿ ಮೀನಿಗೋಸ್ಕರ ದೇವರ ಕಣ್ಣಿಗೂ ಬೀಳದ ಹಾಗೆ ಅಡಗಿ ಕುಳಿತನಲ್ಲ ಇವನು ಎಂದು ಅಡುಗೆಮನೆಯಲ್ಲಿ ನಿಂತು ಅವನಿಗೆ ಬಾಯಿಗೆ ಬಂದಂತೆ ಬೈದೆ. ಅತ್ತೆ ತಡೆಯಲಿಲ್ಲ. ನನ್ನದು ಮುಗಿದ ಮೇಲೆ ಸೆರಗು ಸಿಕ್ಕಿಸಿ, ನಡೆ ಎಂದರು.

ಲೋಹಿತ್ ಬಂದರಿನ ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದ. ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಎದ್ದು ನಿಂತ. ನಾನು ಏನನ್ನೂ ಕೇಳದೆ ಫೋನು ತೆಗೆದು ನಕ್ಷೆ ತೋರಿಸಿದೆ. ಕಲ್ಲಿನ ಬಡಗು ಬದಿಯಲ್ಲಿ ಮೀನುಮರಿಗಳು ಆರಿಹೋದ ಚುಕ್ಕೆಗಳು, ತೆಂಕು ಬದಿಯಲ್ಲಿ ಮತ್ತೆ ಹೊತ್ತಿಕೊಂಡ ಚುಕ್ಕೆಗಳು. ಅವನು ನೋಡಿದ. ಸೂಜಿ ಹಿಡಿದ ಕೈ ಕೆಳಗೆ ಇಳಿಯಿತು. ಸುಳ್ಳು ಹೇಳಿ ನಿಭಾಯಿಸುತ್ತಾನೆಂದು ನಾನು ಸಿದ್ಧವಾಗಿಯೇ ಹೋಗಿದ್ದೆ. ಅವನು ಪ್ರಯತ್ನವನ್ನೂ ಮಾಡಲಿಲ್ಲ.

“ಅತ್ತಿಗೆ, ಆ ದಿನ ಆಫೀಸರು ಕೇಳುವಾಗ ನನ್ನ ಹಿಂದೆ ಬಂದರಿನವರೆಲ್ಲ ನಿಂತಿದ್ದರು. ಅವರೆದುರು ಬಾಯಲ್ಲಿ ತೆಂಕು ಅಂತಲೇ ಬಂತು. ಅಭ್ಯಾಸ. ಇವರು ಆಚೆ ಹೋಗ್ಲಿ, ಬಡಗಿಗೆ ನಾನೇ ಹೋಗಿ ಅವನನ್ನು ಕರ್ಕೊಂಡು ಬರ್ತೇನೆ ಅಂದುಕೊಂಡೆ.”

ಹೋಗಿದ್ದನಂತೆ. ಗಾಳಿ ಇನ್ನೂ ಪೂರಾ ಇಳಿಯುವ ಮುಂಚೆಯೇ ಹೋಗಿ ಒಬ್ಬನೇ ಹುಡುಕಿದನಂತೆ. ಅಲ್ಲಿ ನೀರಿನಡಿ ಒಂದು ಮುಳುಗಿದ ದಿಬ್ಬವಿದೆ, ಅದು ಗೊತ್ತಿದ್ದದ್ದು ಇವರಿಬ್ಬರಿಗೇ. ಏನೂ ಸಿಗಲಿಲ್ಲ. ವಾಪಸು ಬಂದು ಹೇಳೋಣವೆಂದರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಒಂದು ದಿನ ತಡವಾಯಿತು, ಹತ್ತು ದಿನವಾಯಿತು, ಆಮೇಲೆ ಬಾಯಿ ತೆರೆಯುವ ಧೈರ್ಯವೇ ಹೋಯಿತು. ಮತ್ತೆ ಅಲ್ಲೇ ಬಲೆ ಯಾಕೆ ಹಾಕುತ್ತಿದ್ದೀ ಎಂದು ನಾನು ಕೇಳಿದೆ. ಮೀನು ಅಲ್ಲಿ ಉಂಟಲ್ಲ ಎಂದು ಅವನು ನೆಲ ನೋಡಿದ.

ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಆಮೇಲೆ ಅವನ ಬೋಟಿನ ಕಡೆ, ಅದರೊಳಗಿನ ವಯರ್‌ಲೆಸ್ಸಿನ ಕಡೆ ಬೆರಳು ತೋರಿಸಿದರು.

“ನಿನಗೆ ಅನ್ನ ಹಾಕಿದ ಕೈ ಇದು ಲೋಹಿತಾ. ಈಗ ನಿಜ ಹೇಳು. ನನಗೆ ಹೇಳುವುದು ಬೇಡ, ಅದಕ್ಕೆ ಹೇಳು.”

ಅವನು ಬೋಟಿಗೆ ಹತ್ತಿದ. ಬಟನ್ ಒತ್ತಿ ಹಿಡಿದ. ಸಮುದ್ರದ ಮೇಲಿದ್ದ ಬೋಟುಗಳಿಗೆಲ್ಲ ಅವನ ಉಸಿರು ಮಾತ್ರ ಕೇಳಿಸಿರಬೇಕು. ಆಮೇಲೆ ಹೇಳಿದ.

“ಲೋಹಿತ್ ಮಾತಾಡುವುದು. ಬಸವನಕಲ್ಲಿನ ಬಡಗು ಬದಿ, ನೀರಿನ ಅಡಿಗೆ ಒಂದು ದಿಬ್ಬ ಉಂಟು. ಅಲ್ಲಿ ಮೀನು ಉಂಟು, ಬೇಕಾದಷ್ಟು ಉಂಟು. ಕೀರ್ತನ್ ಹೋದದ್ದು ಅಲ್ಲಿಗೇ. ನಾನು ಸುಳ್ಳು ಹೇಳಿದ್ದೆ. ಅವನು ಸಿಗುವವರೆಗೆ ಯಾರೂ ಅಲ್ಲಿ ಬಲೆ ಹಾಕಬೇಡಿ.”

ಆ ಬಂದರಿನಲ್ಲಿ ಮೀನಿನ ಜಾಗವನ್ನು ನಿಜವಾಗಿ ಹೇಳಿದ್ದು ಅದೇ ಮೊದಲು, ಅದನ್ನು ನಂಬುವುದಕ್ಕೂ ಜನರಿಗೆ ಸ್ವಲ್ಪ ಸಮಯ ಬೇಕಾಯಿತು. ಕೊನೆಗೆ ಯಾರೋ ಒಬ್ಬರು ಆಯ್ತು ಎಂದರು. ಮತ್ತೊಬ್ಬರು ಆಯ್ತು ಎಂದರು. ಹಾಗೇ ಒಂದೊಂದೇ ಬೋಟಿನಿಂದ ಆಯ್ತು, ಆಯ್ತು ಎಂದು ಬರುತ್ತ ಹೋಯಿತು. ಅತ್ತೆ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಚೌಕಿಗೆ ಹೋದವಳೇ ಲವೀನಾಳಿಗೆ ಎಲ್ಲವನ್ನೂ ಹೇಳಿದೆ. ಕಂಪೆನಿಯ ಆಟವನ್ನು ನನ್ನ ಸ್ವಂತಕ್ಕೆ ಬಳಸಿದ್ದೇನೆ, ಕೆಲಸದಿಂದ ತೆಗೆಯುವುದಿದ್ದರೆ ಒಂದು ವಾರ ಬಿಟ್ಟು ತೆಗೆ ಎಂದೆ. ಅವಳು ಕಾಫಿ ಕಲಕುತ್ತಲೇ ಇದ್ದಳು. ಕಿರೀಟ ಬೇಡ ಕನ್ನಡಿಯೇ ಬೇಕು, ಅದೂ ಬಸವನಕಲ್ಲಿನ ಹತ್ತಿರವೇ ಬೇಕು ಎಂದು ನೀನು ಜಗಳ ಮಾಡಿದ ದಿನವೇ ನನಗೆ ಅರ್ಥವಾಗಿತ್ತು, ನಾನೇನು ಹುಲ್ಲು ತಿನ್ನುತ್ತೇನಾ ಎಂದು ಕೇಳಿದಳು. ಆಮೇಲೆ ತಾನೇ ಕುಳಿತು ಆಟಗಾರರಿಗೆಲ್ಲ ಒಂದು ಸಾಲಿನ ಸುದ್ದಿ ಕಳುಹಿಸಿದಳು: ರಾಣಿಯ ಕನ್ನಡಿ ಬಂಡೆಯ ಬಡಗು ಬದಿಯಲ್ಲಿದೆ.

ಮೀನುಮರಿಗಳು ಕಲ್ಲನ್ನು ಸುತ್ತಿ ಬಡಗಿಗೆ ಹೊರಟವು. ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಚುಕ್ಕೆಗಳ ಗುಂಪು ಆಚೆಗೆ ಹರಿಯಿತು. ಈ ಸಲ ಒಂದೂ ಆರಲಿಲ್ಲ, ಯಾವ ಬೋಟಿನವರೂ ಅಲ್ಲಿ ಬಲೆ ಹಾಕಿರಲಿಲ್ಲ. ಹೊರಗೆ ಮೋಡ ಕಟ್ಟುತ್ತಿತ್ತು. ತಳದ ನೀರು ದಿನದಿನಕ್ಕೆ ಕಲಕಿಕೊಂಡು ಬರುತ್ತಿತ್ತು. ನಾನು ಊಟಕ್ಕೂ ಏಳದೆ ಆ ಚುಕ್ಕೆಗಳನ್ನು ಕಾದೆ. ಮೊದಲ ದಿನ ಇಲ್ಲ. ಎರಡನೆಯ ದಿನ ದಿಬ್ಬದ ಮೇಲೆಲ್ಲ ಹುಡುಕಿದರು, ಇಲ್ಲ. ಮೂರನೆಯ ದಿನ ಮಧ್ಯಾಹ್ನ, ಖಾನಾವಳಿಯ ಊಟ ಮುಗಿಯುವ ಹೊತ್ತಿಗೆ, ನನ್ನ ಮೇಜಿನ ಫೋನಿನಿಂದ ಮಹಾನಂದಾಳ ಕೂಗು ಕೇಳಿತು.

“ಸಿಕ್ತ್ರೀ ಅಕ್ಕಾರ! ಕನ್ನಡಿ ಸಿಕ್ತು! ದಿಬ್ಬದ ಹಿಂದ, ತಗ್ಗಿನಾಗ ಅರ್ಧ ಹುಗದದ. ಬಂಗಾರಧಂಗ ಹೊಳ್ಯಾಕತ್ತದ!”

ಅವಳ ಪರದೆಯನ್ನು ನನ್ನ ಮುಂದೆ ತೆರೆದೆ. ಕನ್ನಡಿ ಹೊಳೆಯುತ್ತಿತ್ತು, ಅದರ ಅಂಚಿನ ಹೂಬಳ್ಳಿಯನ್ನು ನಾನೇ ಬರೆದದ್ದು. ಸುತ್ತ ನಾಗಲೋಕದ ಬಳ್ಳಿಗಳು, ಅರಮನೆಯ ಕಂಬಗಳು. ಅವಳ ಹಿಂದಿನಿಂದ ಖಾನಾವಳಿಯ ಗಿರಾಕಿಗಳು ಚಪ್ಪಾಳೆ ತಟ್ಟುವುದೂ ಕೇಳುತ್ತಿತ್ತು. ನಾನು ಒಂದೊಂದೇ ವೇಷವನ್ನು ಕಳಚಿದೆ. ಬಳ್ಳಿ ಹೋಗಿ ಬಲೆಯಾಯಿತು. ಅರಮನೆ ಹೋಗಿ ಬೋಟಿನ ಪಕ್ಕೆಯಾಯಿತು. ಕೊನೆಗೆ ಕನ್ನಡಿಯನ್ನೂ ಕಳಚಿದೆ. ಮೂರು ಎಲೆಗಳ ಫ್ಯಾನು, ಒಂದು ಎಲೆಯಲ್ಲಿ ಬೆಸುಗೆಯ ಗಂಟು. ಹೆಡ್‌ಫೋನು ಹಾಕಿ ಬರಿ ದನಿಯನ್ನು ಕೇಳಿದೆ. ಗುಂಯ್ ಎಂದು ಉದ್ದಕ್ಕೆ ಎಳೆದು ಕೊನೆಗೆ ನಡುಗಿತು. ಲವೀನಾ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಳು.

ಮಹಾನಂದಾ ಇನ್ನೂ ಮಾತಾಡುತ್ತಲೇ ಇದ್ದಳು. ಇದರಲ್ಲಿ ಇಣುಕಿದರೆ ತೀರಿಹೋದ ತನ್ನ ತಂಗಿ ಕಾಣುತ್ತಾಳಾ, ಹೇಗೆ ಇಣುಕಬೇಕು ಎಂದು ಕೇಳುತ್ತಿದ್ದಳು. ಅವಳಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಅದು ಕನ್ನಡಿಯಲ್ಲ, ನನ್ನ ಗಂಡನ ಬೋಟಿನ ಚಕ್ರ, ನೀನು ಹುಡುಕಿ ಕೊಟ್ಟದ್ದು ನನ್ನ ಗಂಡನನ್ನು ಎಂದೆ. ಆ ಕಡೆ ಗದ್ದಲ ಒಮ್ಮೆಲೇ ತಣ್ಣಗಾಯಿತು. ಅವಳ ದನಿ ಸಣ್ಣಗೆ ಬಂತು.

“ನಾ ಇಲ್ಲೇ ನಿಂದರತೀನ್ರಿ ಅಕ್ಕಾರ. ನಿಮ್ಮ ಮಂದಿ ಬರೂತನಕ ಅವರನ್ನ ಒಬ್ಬರನ್ನs ಬಿಡೂದು ಬ್ಯಾಡ.”

ಮುಳುಗುಗಾರರು ಹೋಗುವವರೆಗೆ ಅವಳ ಮೀನುಮರಿ ಆ ಜಾಗ ಬಿಟ್ಟು ಕದಲಲಿಲ್ಲ. ರಾತ್ರಿ ಊಟಕ್ಕೆ ಬಂದವರು ರೊಟ್ಟಿ ಬಡಿಯುವವರಿಲ್ಲದೆ ತಾವೇ ಬಡಿದುಕೊಂಡರಂತೆ. ಮಾರನೆಯ ದಿನ ಹೊಸಕೋಡಿಯ ಅಷ್ಟೂ ಬೋಟುಗಳು ಕಲ್ಲಿನ ಬಡಗು ಬದಿಗೆ ಹೋಗಿ ಸುತ್ತುಗಟ್ಟಿ ನಿಂತವು. ಎಲ್ಲಕ್ಕಿಂತ ಮುಂದಿದ್ದ ಬೋಟು ಲೋಹಿತನದು. ಮುಳುಗಿದ ಬೋಟಿನ ಕೋಣೆಯೊಳಗೆ ಕೀರ್ತನನ ಎಲುಬುಗಳು ಸಿಕ್ಕವು, ಕೊರಳಿನ ಸರವೂ ಸಿಕ್ಕಿತು. ಪೆಟ್ಟಿಗೆಯ ಮೇಲೆ ಹಗ್ಗದಿಂದ ಬಿಗಿದು ಕಟ್ಟಿದ ಸ್ಟೀಲಿನ ಪಾತ್ರೆ ಹಾಗೇ ಇದೆ, ತರಬೇಕಾ ಎಂದು ಮುಳುಗುಗಾರರು ಕೇಳಿದರು. ಅದು ಅಲ್ಲೇ ಇರಲಿ ಎಂದು ಅತ್ತೆ ಹೇಳಿ ಕಳುಹಿಸಿದರು. ಫ್ಯಾನನ್ನು ಮಾತ್ರ ನಾನು ತರಿಸಿದೆ.

ಬೊಜ್ಜ ಮುಗಿಯುವ ಹೊತ್ತಿಗೆ ಮಳೆ ಹಿಡಿದಿತ್ತು. ಮೀನುಮರಿಗಳೆಲ್ಲ ಮೇಲೆ ಬಂದವು. ಆಟದಿಂದ ಕನ್ನಡಿಯನ್ನು ನನ್ನ ಕೈಯಾರೆ ತೆಗೆದೆ. ಕರಿಮಣಿಯನ್ನೂ ತೆಗೆದೆ. ಎಷ್ಟೋ ದಿನಗಳ ಮೇಲೆ ಅವತ್ತು ಎದೆ ಒಡೆದು ಅತ್ತುಬಿಟ್ಟೆ, ಅತ್ತು ನಿದ್ದೆಯನ್ನೂ ಮಾಡಿದೆ.

ಮರುದಿನ ಎದ್ದು ಹೊರಗೆ ಬಂದರೆ ಅತ್ತೆ ಜಗಲಿಯಲ್ಲಿ ಫ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಅಂಟಿದ್ದ ಚಿಪ್ಪುಗಳನ್ನು ಆಗಲೇ ಕೆರೆದಿದ್ದರು. ನಾನು ಬೇಡವೆನ್ನಲಿಲ್ಲ, ಇನ್ನೊಂದು ಎಲೆ ಹಿಡಿದು ಕುಳಿತೆ. ಇಬ್ಬರೂ ಸೇರಿ ತಿಕ್ಕಿದೆವು. ಹಸಿರು ಹೋಗಿ ಕೆಂಪು ಬಂತು, ಕೆಂಪು ಹೋಗಿ ಹಳದಿ ಹೊಳಪು ಬಂತು. ಅತ್ತೆ ಸೆರಗಿನಿಂದ ಒರೆಸಿ ಅದನ್ನು ಬೆಳಕಿಗೆ ಓರೆ ಮಾಡಿ ಹಿಡಿದರು. ನಾನು ಬರೆದ ಐತಿಹ್ಯ ಅವರಿಗೆ ಗೊತ್ತಿತ್ತು. ಲವೀನಾ ಬಂದವಳು ಹೇಳಿದ್ದಳು.

ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇದರಲ್ಲಿ ಅವನೆಲ್ಲಿ ಕಾಣ್ತಾನೆ? ನಾವಿಬ್ಬರೇ ಕಾಣುವುದು.”

ಕಂಚಿನಲ್ಲಿ ಎರಡು ಮುಖಗಳು ಮಸುಕಾಗಿ, ಒಂದಕ್ಕೊಂದು ತಾಗಿ ಕಾಣುತ್ತಿದ್ದವು. ಗೇಟಿನ ಹೊರಗೆ ಕೊಡೆ ಹಿಡಿದು ಲೋಹಿತ್ ನಿಂತಿದ್ದ. ಬೊಜ್ಜದ ದಿನವೂ ಹಾಗೇ ಹೊರಗೆ ನಿಂತು ಹೋಗಿದ್ದ. ಅತ್ತೆ ಅವನ ಕಡೆ ನೋಡದೆಯೇ ಕೈಯ ಬೂದಿ ಕೊಡವಿಕೊಂಡು ಎದ್ದರು.

“ಅವನನ್ನು ಒಳಗೆ ಕರಿ. ಬೈಲಿಕ್ಕುಂಟು ನನಗೆ ಅವನಿಗೆ. ಮೊದಲು ಊಟ ಬಡಿಸು, ಉಂಡ ಮೇಲೆ ಬೈತೇನೆ.”

ನಾನು ಮಳೆಯಲ್ಲೇ ಹೋಗಿ ಗೇಟು ತೆರೆದೆ.